ಬ್ಯಾರನ್ ಗೋಡೆಯ ಮೇಲಿನ ಇಂಗ್ಲಿಷ್

ನಮ್ಮ ಮನೆಯಲ್ಲಿ ಇಂಗ್ಲಿಷನ್ನು ಹೊಗೆಸೊಪ್ಪಿನ ಬ್ಯಾರನ್ ಗೋಡೆಯ ಮೇಲೆ, ಇದ್ದಿಲಿನಲ್ಲಿ ಬರೆಯುತ್ತಿದ್ದೆವು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ಒಳಗೆ ಹೋದರೆ ನಮ್ಮ ಹಳ್ಳಿ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಬ್ಯಾರನ್. ನೋಡದವರಿಗೆ ಹೇಳುವುದಾದರೆ, ಬ್ಯಾರನ್ ಅಂದರೆ ಕಿಟಕಿಯಿಲ್ಲದ, ಎರಡಾಳೆತ್ತರಕ್ಕೂ ಮೀರಿದ ಒಂದು ಕೋಣೆ. ಒಳಗೆ ಅಟ್ಟದ ಮೇಲೆ ಅಟ್ಟ ಕಟ್ಟಿ, ಕಡ್ಡಿಗಳಿಗೆ ಹೆಣೆದ ಹಸಿ ಸೊಪ್ಪನ್ನು ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿದರೆ ಅದರ ಕಾವು ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತುತ್ತದೆ. ಗೋಡೆಯ ಬುಡದಲ್ಲಿ ಗಾಳಿಕಿಂಡಿಗಳಿರುತ್ತವೆ. ಸೊಪ್ಪು ಹಳದಿ ತಿರುಗುವ ತನಕ ಅವನ್ನು ಮುಚ್ಚಿಡಬೇಕು. ತಿರುಗಿದ ಮೇಲೆ ತೆರೆದು ಕಾವು ಏರಿಸಬೇಕು. ತೆರೆಯದೆ ಏರಿಸಿದರೆ ಒಳಗಿನ ತೇವ ಒಳಗೇ ಉಳಿದು ಸೊಪ್ಪು ಬೆಂದುಹೋಗುತ್ತದೆ. ಸೊಪ್ಪು ಮುರಿಯುವ ಕಾಲದಲ್ಲಿ ನಮ್ಮ ಕೈಗಳೆಲ್ಲ ಕಪ್ಪು ಅಂಟು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮುದ್ದೆ ಮುರಿದರೆ ಮುದ್ದೆ ಕಹಿ, ಬೆಲ್ಲ ಹಿಡಿದರೆ ಬೆಲ್ಲವೂ ಕಹಿ. ಆ ತಿಂಗಳುಗಳಲ್ಲಿ ನಡುಮನೆಯಲ್ಲಿ ಕಡ್ಡಿಗಳ ರಾಶಿ ಇರುತ್ತಿದ್ದರಿಂದ ಅಡುಗೆಮನೆಯ ಬಾಗಿಲ ಹತ್ತಿರ ಒತ್ತರಿಸಿಕೊಂಡು ಉಣ್ಣುತ್ತಿದ್ದೆವು. ಅಪ್ಪ, ಅಜ್ಜಿ, ನಾನು, ಅಕ್ಕ, ಕೊನೆಗೆ ಅವ್ವ.

ಅಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದವನು. ಮತ್ತೆ ಕಟ್ಟಿದ, ಮತ್ತೆ ಹೋಯಿತು. ಅವನ ಜೊತೆ ಓದಿದವನೊಬ್ಬ ಮೇಷ್ಟ್ರಾಗಿ ಕೃಷ್ಣರಾಜನಗರದಲ್ಲಿದ್ದ. ಆ ಮನುಷ್ಯ ಮನೆಗೆ ಬಂದು ಹೋದ ದಿನ ಅಪ್ಪ ಊಟ ಮಾಡುತ್ತಿರಲಿಲ್ಲ. ರಟ್ಟು ಹೋದ ಒಂದು ಇಂಗ್ಲಿಷ್ ನಿಘಂಟು ಅಪ್ಪನ ಹತ್ತಿರ ಇತ್ತು. ಬ್ಯಾರನ್ ಹತ್ತಿದ ದಿನಗಳಲ್ಲಿ ಅದು ಒಲೆಯ ಪಕ್ಕದ ಜಗಲಿಗೆ ಬರುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಡುತ್ತಿದ್ದ. ಹಾಗೆ ಬಂದ ಮೂರು ಅಕ್ಷರಗಳನ್ನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆಯುತ್ತಿದ್ದ. ಆ ಮೂರೂ ಇರುವ ಉದ್ದದ ಪದವೊಂದನ್ನು ಅಕ್ಕ, ನಾನು ಹುಡುಕಿ ತರಬೇಕು. ಅಕ್ಷರ ಯಾವ ಕ್ರಮದಲ್ಲಿದ್ದರೂ ಸರಿ, ಪದ ನಿಘಂಟಿನಲ್ಲಿ ಇರಬೇಕು. ಚಿಕ್ಕವನಾದ ನಾನು ಮೊದಲು ಹೇಳಬೇಕು. ನಾನು ಹೇಳಿದ್ದನ್ನು ಅಕ್ಕ ಹೇಳುವಂತಿಲ್ಲ. ಎರಡೂ ಪದಗಳನ್ನು ಒಂದರ ಕೆಳಗೊಂದು ಬರೆದು, ಅಪ್ಪ ಒಂದು ಕಡ್ಡಿ ತೆಗೆದುಕೊಂಡು ಒಂದೊಂದೇ ಅಕ್ಷರದ ಮೇಲೆ ಟಕ್ ಟಕ್ ಎಂದು ಬಡಿದು ಎಣಿಸುತ್ತಿದ್ದ. ಯಾರದು ಗಿಡ್ಡವೋ ಅವರು ಒಲೆಬಾಯಿಗೆ ಸೌದೆ ಹಾಕಬೇಕು, ಮುಂದಿನ ಅಕ್ಷರ ಬರುವ ತನಕ. ಅವ್ವ ಹೊಲದಿಂದ ಬಂದವಳು ಇದನ್ನು ನೋಡಿ ನಗುತ್ತಿದ್ದಳು.

"ಅಪ್ಪ ಮಕ್ಳು ಸೊಪ್ಪು ಬೇಯಿಸ್ತಿದ್ದೀರೋ, ಇಂಗ್ಲಿಷ್ ಬೇಯಿಸ್ತಿದ್ದೀರೋ?"

"ಸೊಪ್ಪು ನಂಗೆ, ಇಂಗ್ಲಿಷ್ ಇವುಕ್ಕೆ. ನೀನು ಒಳೀಕೋಗು" ಎನ್ನುತ್ತಿದ್ದ ಅಪ್ಪ. ಅವನು ನಗುತ್ತಿರಲಿಲ್ಲ.

ನಾನು ಪದ ಹುಡುಕುತ್ತಿದ್ದದ್ದು ಕಳ್ಳನ ಹಾಗೆ. ಗೊಬ್ಬರದ ಚೀಲ, ಔಷಧಿ ಡಬ್ಬಿ, ಅಜ್ಜಿಯ ಕೆಮ್ಮಿನ ಸೀಸೆ, ಹುಣಸೂರಿನ ಬಸ್ ಸ್ಟ್ಯಾಂಡಿನ ಬೋರ್ಡುಗಳು, ಎಲ್ಲಿ ಇಂಗ್ಲಿಷ್ ಇದ್ದರೂ ಅಲ್ಲಿ ಉದ್ದದ್ದನ್ನು ಹೆಕ್ಕಿಕೊಳ್ಳುತ್ತಿದ್ದೆ. ಅರ್ಥ ಬೇಕಿರಲಿಲ್ಲ. ಅಮೋನಿಯಂ ಸಲ್ಫೇಟ್ ಎಂಬುದನ್ನು ಒಂದೇ ಪದ ಅಂದುಕೊಂಡು ಹೇಳಿ, ಅದು ಎರಡು ಎಂದು ಅಪ್ಪ ನಿಘಂಟು ತೋರಿಸಿದಾಗ ಸೌದೆ ಹಾಕುವ ಸರದಿ ನನ್ನದಾಗಿತ್ತು. ಅಕ್ಕನ ರೀತಿ ಬೇರೆ. ಅವಳು ಹುಣಸೂರಿನ ಹೈಸ್ಕೂಲಿಗೆ ಹೋಗುತ್ತಿದ್ದಳು. ನಾನಿನ್ನೂ ಮಿಡ್ಲ್ ಸ್ಕೂಲು. ಅವಳು ಪದವನ್ನು ಹುಡುಕುತ್ತಿರಲಿಲ್ಲ, ಬೆಳೆಸುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ನನಗೆ ಹೇಳಿಕೊಡುತ್ತಿದ್ದಳು.

"ಉದ್ದದ್ದು ಎಲ್ಲೂ ಬಿದ್ದಿರಲ್ಲ ಕಣ್ಲಾ. ಒಂದು ಪುಟ್ಟುದ್ದ ಇಡ್ಕೊ. ಕಂಫರ್ಟ್ ಅನ್ನು. ಬಾಲ ಕಟ್ಟು, ಕಂಫರ್ಟಬಲ್. ಈಗ ತಲೆ ಇಡು, ಅನ್‌ಕಂಫರ್ಟಬಲ್. ನೋಡು, ಎಲ್ಲಿದ್ದುದ್ದು ಎಲ್ಲಿಗೋಯ್ತು!"

"ಅದುಕ್ಕೆ ಅರ್ಥ ಏನಕ್ಕಾ?"

"ಈಗ ನೀನು ಕೂತಿದ್ದೀಯಲ್ಲ ಮುಳ್ಳಿನ್ಮೇಲೆ ಕೂತಂಗೆ, ಅದೇಯ."

ಮುಳ್ಳಿನ ಮೇಲೆ ಕೂತ ಹಾಗೆಯೇ ನನ್ನ ಆ ವರ್ಷಗಳು ಕಳೆದವು. ನನಗೆ ಒಲೆಬಾಯಿಯ ಭಯ. ಆ ಭಯಕ್ಕೆ ಕಾರಣ ಇತ್ತು. ಪಕ್ಕದ ಹೊಲದವರ ಬ್ಯಾರನ್ ಒಮ್ಮೆ ಹತ್ತಿ ಉರಿದದ್ದನ್ನು ನಾನು ಕಂಡಿದ್ದೆ. ಒಣಗಿದ ಸೊಪ್ಪಿನ ಕಡ್ಡಿಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಒಳಗೆ ಬಿದ್ದದ್ದನ್ನು ಎಳೆಯಲು ಹೋದ ಯಜಮಾನ ಮುಖ ಸುಟ್ಟುಕೊಂಡ. ವಾಸಿಯಾದ ಮೇಲೂ ಅವನಿಗೆ ಹುಬ್ಬು ಬರಲಿಲ್ಲ. ಆತ ಮಜ್ಜಿಗೆ ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ಹುಬ್ಬಿಲ್ಲದ ಆ ಮುಖ ಸದಾ ಏನನ್ನೋ ಕಂಡು ಬೆಚ್ಚಿದ ಹಾಗೆ ಇರುತ್ತಿತ್ತು. ಅವನು ಬಂದರೆ ನಾನು ಕಡ್ಡಿ ರಾಶಿಯ ಹಿಂದೆ ಸೇರಿಕೊಳ್ಳುತ್ತಿದ್ದೆ. ನಮ್ಮ ಒಲೆಯ ಮುಂದೆ ನಿಂತರೆ ಆ ಮುಖವೇ ಒಳಗಿಂದ ನೋಡುತ್ತದೆ ಅನ್ನಿಸುತ್ತಿತ್ತು. ಸೌದೆಯನ್ನು ದೂರದಿಂದ ಎಸೆಯುತ್ತಿದ್ದೆ. ಅದು ಬಾಯಿಗೆ ಅಡ್ಡ ಬಿದ್ದು ಹೊಗೆ ಕಟ್ಟುತ್ತಿತ್ತು. ಅಪ್ಪ ಎದ್ದು ಬಂದು ನನ್ನ ಕುತ್ತಿಗೆ ಹಿಡಿದು ಒಲೆಯ ಹತ್ತಿರ ಬಗ್ಗಿಸುತ್ತಿದ್ದ. ಹೊಡೆಯುತ್ತಿರಲಿಲ್ಲ. "ನೋಡು. ಸರ್ಯಾಗಿ ನೋಡು. ಬೆಂಕಿಗೆ ಎದ್ರುದವ್ನು ಏನೂ ಆಗಲ್ಲ ಕಣ್ಲಾ" ಎಂದು ಮೆಲ್ಲಗೆ ಹೇಳುತ್ತಿದ್ದ. ಆ ಮೆಲ್ಲನೆಯ ದನಿಗೆ ನಾನು ನಿಂತಲ್ಲೇ ಒದ್ದೆಯಾದದ್ದುಂಟು. ಅಕ್ಕನಿಗೆ ಇದು ಗೊತ್ತಿತ್ತು. ಹಾಗಾಗಿ ಬರುಬರುತ್ತಾ ಅವಳು ಬೇಕೆಂದೇ ಗಿಡ್ಡ ಪದ ಹೇಳತೊಡಗಿದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಉದ್ದದ್ದು ಅವಳ ನಾಲಗೆಯ ಮೇಲೆ ಬಂದು ನಿಂತಿದೆ ಎಂದು. ಅದನ್ನು ನುಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೌದೆ ಹೊರಲು ಹೋಗುತ್ತಿದ್ದಳು. ಅಪ್ಪ ನನ್ನ ಬೆನ್ನು ತಟ್ಟುತ್ತಿದ್ದ. ಕೆಲವು ದಿನಗಳಲ್ಲಿ ನಾನು ಗೆದ್ದದ್ದು ನನ್ನ ಜಾಣತನದಿಂದಲೇ ಎಂದು ನನಗೂ ನಂಬಿಕೆಯಾಯಿತು.

ನಮ್ಮ ಕಡೆ ಬ್ಯಾರನ್ ಹತ್ತಿದಾಗ ಒಂದು ಕಟ್ಟಳೆ ಇತ್ತು. ಹೊರಗಾದ ಹೆಂಗಸರು ಅದರ ಹತ್ತಿರ ಸುಳಿಯಬಾರದು. ಸುಳಿದರೆ ಸೊಪ್ಪು ಬಣ್ಣ ಕೆಡುತ್ತದೆ ಅನ್ನುತ್ತಿದ್ದರು. ಅಜ್ಜಿ ಇದರಲ್ಲಿ ಬಲು ಬಿಗಿ. ಅವ್ವನೂ ಅಕ್ಕನೂ ಆ ಮೂರು ದಿನ ಕೊಟ್ಟಿಗೆಯ ಪಕ್ಕದ ಸಣ್ಣ ಚಪ್ಪರದಲ್ಲಿ ಇರಬೇಕು. ಮನೆಯೊಳಗೂ ಇಲ್ಲ, ಸ್ಕೂಲಿಗೂ ಇಲ್ಲ. ಆ ಸಲ ಅಕ್ಕನಿಗೆ ಸ್ಕೂಲಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಒಂದು ದಿನ ಮಧ್ಯಾಹ್ನ ಅವಳು ಸ್ಕೂಲಿನಿಂದ ಬಂದವಳು ನನ್ನನ್ನು ಬಾವಿಯ ಹತ್ತಿರ ಕರೆದಳು. ಮುಖ ಬಿಳುಚಿಕೊಂಡಿತ್ತು.

"ಲೋ ಮಾದೇವ, ಯಾರ್ಗೂ ಏಳ್ಬೇಡ. ನಾನು ಹೊರ್ಗಾಗಿವ್ನಿ. ಏಳುದ್ರೆ ಅಜ್ಜಿ ಚಪ್ಪರುಕ್ಕೆ ಆಕ್ತಳೆ. ನಾಳೀಕೆ ಲೆಕ್ಕದ ಪರೀಕ್ಸೆ."

"ಅಂಗಾರೆ ಬ್ಯಾರನ್ನು?"

"ಅದ್ಕೇಯ ನಿನ್ನ ಕರ್ದಿದ್ದು. ಇವತ್ತೊಂದಿನ ನೀನು ಸೋಲು. ನಾನು ಒಲೆ ತಾವ್ಕೆ ಬರಾಂಗಿಲ್ಲ, ಸೊಪ್ಪು ಕೆಟ್ಟೋಯ್ತದೆ. ಅಪ್ಪ ಆಗ್ಲೇ ಬರ್ದವ್ನೆ, ಎಸ್, ಪಿ, ಎನ್. ನಾನು ಡಿಸಪಾಯಿಂಟ್‌ಮೆಂಟ್ ಅಂತೀನಿ. ನೀನು ಸ್ಪೂನ್ ಅನ್ನು. ಸಾಕು. ಒಂದು ಸಾಯಂಕಾಲ ಬೆಂಕಿ ನೋಡ್ಕೊ, ನನ್ನಪ್ಪ. ನಾನು ಇಲ್ಲಿಂದ್ಲೇ ಕೂಗಿ ಮಾತಾಡಿಸ್ತಿರ್ತೀನಿ, ಭಯ ಆಗಾಕಿಲ್ಲ."

ನಾನು ಹೂಂ ಅಂದೆ. ಸುಳ್ಳು ಹೂಂ ಅಲ್ಲ ಅದು. ಬಾವಿಯಿಂದ ಬ್ಯಾರನ್ ತನಕ ನಡೆಯುವಾಗಲೂ ಸ್ಪೂನ್, ಸ್ಪೂನ್ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಅಪ್ಪ ಜಗಲಿಯ ಮೇಲೆ ಕೂತಿದ್ದ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಬ್ಯಾರನ್ ಬಾಗಿಲಿಗೆ ಕೂರಿಸಿದ್ದ ಸಣ್ಣ ಗಾಜಿನಲ್ಲಿ ಇಣುಕಿ, ಸೊಪ್ಪು ಹಳದಿ ತಿರುಗಿದೆ, ಇನ್ನು ಕಾವು ಏರಿಸಬೇಕು, ಬುಡದ ಗಾಳಿಕಿಂಡಿ ತೆಗೆಯಬೇಕು ಎಂದ. ಆಮೇಲೆ ನನ್ನ ಕಡೆ ತಿರುಗಿ "ಏಳ್ಲಾ" ಎಂದ. ಅವನ ಹಿಂದೆ ಒಲೆಬಾಯಿ ಬುಸುಗುಟ್ಟುತ್ತಿತ್ತು. ನನ್ನ ಬಾಯಿ ತೆರೆದುಕೊಂಡಿತು. ಬಂದದ್ದು ಡಿಸಪಾಯಿಂಟ್‌ಮೆಂಟ್.

ಅಪ್ಪನಿಗೆ ಆಶ್ಚರ್ಯವಾಯಿತು. ನಿಘಂಟು ತೆರೆದು ನೋಡಿದ. ಗೋಡೆಯ ಮೇಲೆ ಬರೆದ. ಟಕ್ ಟಕ್ ಎಂದು ಕಡ್ಡಿ ಬಡಿಯುತ್ತಾ ಹೋದಂತೆ ಅವನ ಮುಖ ಅರಳಿತು. ಅಂಥ ನಗುವನ್ನು ನಾನು ಅವನ ಮುಖದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಒಲೆಗೆ ದೂರವಾಗಿ, ಬಾವಿಯ ಕಡೆ ನಿಂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಕಾಲ ಕೆಳಗಿನ ಮೆಟ್ಟಿಲು ಇಲ್ಲದೆ ಹೋದವರು ನೋಡುವ ನೋಟ.

"ನೀನೇನಮ್ಮಿ? ಏಳು ಜಯಾ" ಎಂದ ಅಪ್ಪ.

"ಸ್ಪೂನ್" ಎಂದಳು ಅಕ್ಕ. ನನಗೆಂದು ಇಟ್ಟಿದ್ದ ಪದವೊಂದೇ ಅವಳಿಗೆ ಉಳಿದಿತ್ತು.

"ಐಸ್ಕೂಲ್ ಓದೋಳು, ಸ್ಪೂನಂತೆ! ಇನ್ಮೇಲೆ ಇವ್ನ ಕೈಲಿ ಏಳುಸ್ಕೊ. ಓಗು, ಸೌದೆ ಆಕು. ಚೆನ್ನಾಗಿ ಏರುಸು. ಲೋ, ನೀನು ಕಿಂಡಿ ತೆಗಿ. ಒಂದ್ಗಳಿಗೆ ಮಲೀಕತೀನಿ."

ಅಪ್ಪ ಜಗಲಿಯ ಮೇಲೆ ಉರುಳಿಕೊಂಡ. ಅಕ್ಕ ತಲೆ ತಗ್ಗಿಸಿಕೊಂಡು ಒಲೆಯ ಹತ್ತಿರ ಹೋದಳು. ಹಿಂದಿನ ಗೋಡೆಯ ಕಿಂಡಿಗಳನ್ನು ನಾನು ತೆಗೆದೆ. ಮುಖ್ಯವಾದ ಎರಡು ಒಲೆಬಾಯಿಯ ಎಡಬಲಕ್ಕೆ ಇದ್ದವು. ಅವನ್ನು ತೆಗೆಯಬೇಕಾದರೆ ಒಲೆಗೆ ಮುಖ ಕೊಟ್ಟು ಮಂಡಿಯೂರಬೇಕು. ಎರಡು ಸಲ ಹೋದೆ. ಎರಡು ಸಲವೂ ಕಾವು ಮುಖಕ್ಕೆ ಬಡಿದು ವಾಪಸು ಬಂದೆ. ಜೊತೆಗೆ ಈಗ ಅಲ್ಲಿ ಅಕ್ಕ ನಿಂತಿದ್ದಳು, ಅವಳ ಮುಖ ನೋಡುವುದು ಬೆಂಕಿಗಿಂತ ಕಷ್ಟವಾಗಿತ್ತು. ಅಪ್ಪ ನಿದ್ದೆಗಣ್ಣಿನಲ್ಲೇ ಕೇಳಿದ, "ತೆಗ್ದೇನ್ಲಾ?" "ತೆಗ್ದೆ ಕಣಪ್ಪ" ಎಂದೆ. ಅಕ್ಕ ಹೇಳಿದ ಹಾಗೆ ಕಾವು ಏರಿಸುತ್ತಲೇ ಇದ್ದಳು. ಒಂದು ಸೌದೆಯೂ ಅಡ್ಡ ಬೀಳಲಿಲ್ಲ. ಹೊತ್ತು ಇಳಿಯುವಾಗ ಗಾಳಿಯಲ್ಲಿ ಬೇರೆ ವಾಸನೆ ಬಂತು, ಬೇಯಿಸಿ ಮುಚ್ಚಿಟ್ಟು ಮರೆತ ಸೊಪ್ಪಿನ ಸಾರಿನ ಹಾಗೆ. ಗಾಜಿನಲ್ಲಿ ಇಣುಕಿದೆ. ಹಳದಿ ಇರಬೇಕಾದ ಕಡೆ ಕಂದು ಕಲೆಗಳು ಏಳುತ್ತಿದ್ದವು. ಅಕ್ಕ ಸೌದೆ ತರಲು ಅತ್ತ ಹೋಗಿದ್ದಳು. ಆಗ ನಾನು ಓಡಿಹೋಗಿ, ಕಣ್ಣು ಮುಚ್ಚಿಕೊಂಡು, ಮೊಣಕೈ ಸುಟ್ಟರೂ ಲೆಕ್ಕಿಸದೆ ಆ ಎರಡೂ ಕಿಂಡಿಗಳನ್ನು ತೆಗೆದೆ. ಸೊಪ್ಪು ಉಳಿಸಬೇಕೆಂದು ತೆಗೆಯಲಿಲ್ಲ. ಅಪ್ಪ ಎದ್ದಾಗ ಅವು ತೆರೆದಿರಬೇಕು ಎಂದು ತೆಗೆದೆ.

ಅಪ್ಪ ಎದ್ದು, ಮೂಸಿ, ಬಾಗಿಲು ತೆಗೆದ. ಒಳಗಿನ ಹಬೆ ಅವನ ಮುಖಕ್ಕೆ ಬಡಿಯಿತು. ಕಡ್ಡಿಯೊಂದನ್ನು ಎಳೆದು ನೆಲಕ್ಕೆ ಹಾಕಿದ. ಎಲೆಗಳು ನೆನೆದ ಚರ್ಮದಂತೆ ಜೋತುಬಿದ್ದವು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಬಗ್ಗಿ ಕಿಂಡಿಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ತೆರೆದಿದ್ದವು. ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವಳು ಅಜ್ಜಿ. ಕೋಲೂರಿಕೊಂಡು ಬಂದು, ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ, ನೇರ ಅಕ್ಕನ ಕಡೆ ತಿರುಗಿದಳು.

"ಯಾರು ನಿಂತಿದ್ದು ಒಲೆ ತಾವು? ನೀನೇನೆ? ನಿಜ ಏಳು ಮೂದೇವಿ, ಹೊರ್ಗಾಗಿದ್ದೀಯಾ?"

ಅಕ್ಕ ಸುಳ್ಳು ಹೇಳಬಹುದಿತ್ತು. ನಾನು ಮನಸ್ಸಿನಲ್ಲೇ ಇಲ್ಲ ಅನ್ನು, ಇಲ್ಲ ಅನ್ನು ಎಂದು ಬೇಡಿಕೊಳ್ಳುತ್ತಿದ್ದೆ. ಅವಳು ಸುಳ್ಳು ಹೇಳಿದರೆ ನಾನು ನಿಜ ಹೇಳಬೇಕಾಗಿಲ್ಲವಲ್ಲ. ಅಕ್ಕ ನೆಲದ ಮೇಲಿನ ಎಲೆಗಳನ್ನೇ ನೋಡುತ್ತಾ ಹೇಳಿದಳು.

"ಊಂ ಕಣಜ್ಜಿ. ನನ್ನಿಂದ್ಲೇ ಆಗಿದ್ದು."

ಅಪ್ಪ ಅವಳನ್ನು ಹೊಡೆಯಲಿಲ್ಲ. "ಓದೋಕೋಸ್ಕರ ಮುಚ್ಚಿಟ್ಟಳಂತೆ. ಓದು ಸಾಕು" ಎಂದ, ಅದೇ ಮೆಲ್ಲನೆಯ ದನಿಯಲ್ಲಿ. ಮರುದಿನದ ಲೆಕ್ಕದ ಪರೀಕ್ಷೆಗೆ ಅವಳು ಹೋಗಲಿಲ್ಲ. ಮತ್ತೆ ಯಾವ ಪರೀಕ್ಷೆಗೂ ಹೋಗಲಿಲ್ಲ. ಅವಳ ಇಂಗ್ಲಿಷ್ ಟೀಚರು ಒಮ್ಮೆ ಮನೆತನಕ ಬಂದು ಕೇಳಿದರು. ಅವ್ವ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಮಾರನೇ ವರ್ಷ ಹೆಗ್ಗಡದೇವನಕೋಟೆ ಕಡೆ, ಹ್ಯಾಂಡ್‌ಪೋಸ್ಟ್ ಹತ್ತಿರದ ಒಂದು ಮನೆಗೆ ಅವಳನ್ನು ಕೊಟ್ಟರು. ಆಟವನ್ನು ಅಪ್ಪ ನಿಲ್ಲಿಸಲಿಲ್ಲ. ಗೋಡೆಯ ಮೇಲೆ ಮೂರಕ್ಷರ, ಅದರ ಕೆಳಗೆ ನನ್ನದೊಂದೇ ಪದ. ಎಷ್ಟು ಉದ್ದವಿದ್ದರೂ ಸೌದೆ ನಾನೇ ಹಾಕಬೇಕು. ಒಲೆಯ ಮುಂದೆ ನಿಂತು ನಾನು ಬಾವಿಯ ಕಡೆ ಕಿವಿಗೊಡುತ್ತಿದ್ದೆ, ಅಲ್ಲಿಂದ ಕೂಗಿ ಮಾತಾಡಿಸುವವರು ಯಾರೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದೆ. ಇಂಗ್ಲಿಷಿನಲ್ಲೂ ಪಾಸಾದೆ. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ಅದಕ್ಕಿಂತ ಮೇಲೆ ಓದುವ ಧೈರ್ಯ ನನಗಿರಲಿಲ್ಲ. ಅಜ್ಜಿ ಹೋದಳು, ಅಪ್ಪ ಹೋದ, ಅವ್ವನೂ ಹೋದಳು. ಪ್ರತಿ ಸಲವೂ ಇನ್ನು ಹೇಳಬಹುದು ಅಂದುಕೊಂಡೆ. ಹೆದರಲು ಯಾರೂ ಉಳಿಯದೆ ಹೋದ ಮೇಲೂ ಹೆದರಿಕೆ ಉಳಿದಿತ್ತು.

ಈಚೆಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ತೀರಿಕೊಂಡಿದ್ದಾರೆ. ಮಗ ಬೇಸಾಯ ನೋಡುತ್ತಾನೆ, ಅವರಿಗೂ ಒಂದು ಬ್ಯಾರನ್ ಇದೆ. ನಾನು ಹೋದ ದಿನ ಅದು ಹತ್ತಿತ್ತು. ಮೊಮ್ಮಗಳು ಸಿಂಚನ, ಪಿಯುಸಿ ಓದುವವಳು, ಹಿತ್ತಲಿನ ಶೀಟಿನ ಮಾಡಿನ ಕೆಳಗೆ ಬೇರೆ ಚಾಪೆ ಹಾಕಿಕೊಂಡು ಫೋನ್ ಹಿಡಿದು ಕೂತಿದ್ದಳು. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದಳು.

"ತಾತಾ, ಡಬ್ಲ್ಯು, ಎಚ್, ಟಿ ಮೂರೂ ಇರೋ ಉದ್ದದ ವರ್ಡ್ ಏಳಿ. ಗೇಮಲ್ಲಿ ಸಿಕ್ಕಾಕೊಂಡಿವ್ನಿ."

ನನಗೆ ಒಂದು ಗೊತ್ತಿತ್ತು. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಗದರಿದಳು.

"ಫೋನ್ ಇಡ್ಕೊಂಡು ಬ್ಯಾರನ್ ಕಡೀಕೆ ಗಿಡೀಕೆ ಓದೀಯ ಉಸಾರು! ಒಂದು ಬ್ಯಾರನ್ ಸೊಪ್ಪು ಕಳ್ದು ಅಪ್ಪನ್ನ ಅಳುಸ್ದೋಳು ನಾನು. ನೀನೂ ಅಂಗಾಗ್ಬೇಡ."

ಅವಳು ಅದನ್ನು ಅಷ್ಟು ಸಲೀಸಾಗಿ, ನೂರು ಸಲ ಹೇಳಿದ ಮಾತಿನ ಹಾಗೆ ಹೇಳಿದಳು. ನಾನು ಹೊಸಿಲಿನ ಮೇಲೆ ಕೂತುಬಿಟ್ಟೆ. ಅವಳು ನನ್ನನ್ನು ಕಾಪಾಡಲು ತಪ್ಪು ಹೊತ್ತುಕೊಂಡಳು ಎಂದು ಇಷ್ಟು ವರ್ಷ ನಾನು ಅಂದುಕೊಂಡಿದ್ದೆ, ಅದರಲ್ಲೇ ಒಂದು ಸಮಾಧಾನವನ್ನೂ ಕಂಡುಕೊಂಡಿದ್ದೆ. ಅವಳು ನಂಬಿದ್ದಳು. ತನ್ನ ಮೈಯೇ ಆ ಸೊಪ್ಪನ್ನು ಕೆಡಿಸಿತು ಎಂದು ಅವತ್ತಿನಿಂದ ಇವತ್ತಿನವರೆಗೂ ನಂಬಿ ಬದುಕಿದ್ದಳು. ನಾನು ಹೇಳಿದೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಅಕ್ಕ ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು.

"ಕಿಂಡಿ ಮುಚ್ಚಿತ್ತಾ?"

"ಮುಚ್ಚಿತ್ತು ಅಕ್ಕ."

"ಎರಡೂವೆ?"

"ಎರಡೂವೆ. ಆಮೇಲೆ ನಾನೇ ತೆಗ್ದಿಟ್ಟೆ. ಅಪ್ಪಂಗೆ ಗೊತ್ತಾಗ್ಬಾರ್ದು ಅಂತ."

"ನಾನು ಅಲ್ಲೇ ನಿಂತಿದ್ನಲ್ಲೋ. ಎಂಗೆ ನೋಡ್ಲಿಲ್ಲ?" ಅವಳು ತನ್ನಷ್ಟಕ್ಕೇ ಕೇಳಿಕೊಂಡಳು. "ತಲೇನೇ ಎತ್ಲಿಲ್ಲ ಕಣ್ಲಾ. ನನ್ನ ಕಣ್ಣು ಸೊಪ್ಪಿನ ಕಡೀಕೆ ಬೀಳ್ಬಾರ್ದು ಅಂತ. ನೆಲ ನೋಡ್ಕೊಂಡೇ ಸೌದೆ ಆಕುದ್ನಲ್ಲ."

ಕೈಯಲ್ಲಿದ್ದ ಬದನೆಕಾಯಿಯನ್ನು ನೀರಿಗೆ ಹಾಕಿದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. "ನನ್ನ ಮಗ್ಳುನ್ನೂ ಹಿಂಗೇ ಹಿತ್ಲಲ್ಲಿ ಕೂರುಸ್ದೆ" ಎಂದಳು. ಆಮೇಲೆ ಎದ್ದು, ಟೀ ಕಾಸಿ, ಫ್ಲಾಸ್ಕಿಗೆ ಹುಯ್ದು, ಹಿತ್ತಿಲ ಬಾಗಿಲಿಗೆ ಹೋದಳು. ಫ್ಲಾಸ್ಕನ್ನು ನೆಲದ ಮೇಲಿಡದೆ ನೇರ ಹುಡುಗಿಯ ಕೈಗೆ ಚಾಚಿದಳು.

"ಸಿಂಚೂ, ನಿಮ್ಮಪ್ಪಂಗೆ ಟೀ ಕೊಟ್ಬುಟ್ಟು ಬಾ."

"ಎಲ್ಲೀಗೆ? ಬ್ಯಾರನ್‌ಗಾ? ಅಜ್ಜಿ, ಇವತ್ತು ಎರಡ್ನೇ ದಿನ ಕಣಜ್ಜಿ."

"ಗೊತ್ತು ಓಗು."

ಹುಡುಗಿ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಫೋನನ್ನು ಚಾಪೆಯ ಮೇಲೆ ಬಿಟ್ಟು ಫ್ಲಾಸ್ಕ್ ಹಿಡಿದು ಹೊರಟಳು. ಬೇಲಿ ದಾಟಿದಳು. ಬ್ಯಾರನ್ ಹತ್ತಿರವಾದಂತೆ ಅವಳ ನಡಿಗೆ ನಿಧಾನವಾಯಿತು. ಅಕ್ಕ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ನನ್ನ ಮಾತನ್ನು ಅವಳ ಕಿವಿ ನಂಬಿರಬಹುದು, ಮೈ ಇನ್ನೂ ನಂಬಿರಲಿಲ್ಲ. ಹುಡುಗಿ ಒಲೆಯ ಪಕ್ಕ ನಿಂತು ಅಪ್ಪನಿಗೆ ಟೀ ಬಗ್ಗಿಸಿ ಕೊಡುವುದು ಅಲ್ಲಿಂದ ಕಾಣುತ್ತಿತ್ತು.

"ನೀನು ಇವತ್ತು ಊರೀಗೋಗ್ಬೇಡ" ಎಂದಳು ಅಕ್ಕ, ನನ್ನ ಕಡೆ ತಿರುಗದೆ. "ಸೊಪ್ಪು ಇಳ್ಸೋಗಂಟ ಇಲ್ಲೇ ಇರು. ಬಾಗ್ಲು ತೆಗ್ದಾಗ ನನ್ನ ಪಕ್ಕ ನಿಂತಿರ್ಬೇಕು ನೀನು."

ಬಾಗಿಲು ತೆಗೆಯಲು ಇನ್ನೂ ದಿನಗಳಿದ್ದವು. ನಾನು ಚಪ್ಪಲಿ ಬಿಚ್ಚಿ ಒಳಗೆ ಬಂದು, ಊರಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ ಎಂದು ಹೇಳಿದೆ.